ಬಾಣಂತಿ ಕೋಣೆಯಲ್ಲಿ ಏಡಿ ಪುಡಿ

ಶೇಂಗಾ ಎಣ್ಣೆ ಹದವಾಗಿ ಕಾಯುವ ವಾಸನೆ ಮೂಗಿಗೆ ಬಿದ್ದರೆ ನಮ್ಮ ಕಡೆಯ ಜನಕ್ಕೆ ಮಿರ್ಚಿ ನೆನಪಾಗುತ್ತದೆ, ಮಂಡಕ್ಕಿ ನೆನಪಾಗುತ್ತದೆ. ನನಗೆ ಮಾತ್ರ ಗಾಜಿನ ಫ್ಲಾಸ್ಕು ನೆನಪಾಗುತ್ತದೆ. ಮೊನ್ನೆ ಕೊಪ್ಪಳದ ಬಸ್ ನಿಲ್ದಾಣದ ಹೊರಗೆ ಮಿರ್ಚಿ ಬಂಡಿಯವನು ಬಾಣಲೆಗೆ ಹೊಸ ಎಣ್ಣೆ ಸುರಿದು ಸ್ಟೋವು ಹಚ್ಚಿದ. ಇನ್ನೂ ಹೊಗೆ ಎದ್ದಿರಲಿಲ್ಲ, ಆ ಮೊದಲ ಬೆಚ್ಚನೆಯ ವಾಸನೆ ಅಷ್ಟೇ. ನಾನು ಅಲ್ಲೇ ನಿಂತುಬಿಟ್ಟೆ. "ಎಷ್ಟ ಕಟ್ಟಲಿರಿ ಅಕ್ಕಾರ?" ಎಂದು ಅವನು ಕೇಳುತ್ತಲೇ ಇದ್ದ. ನಾನು ಬೇವೂರಿನಲ್ಲಿದ್ದೆ, ಅಕ್ಕನ ಮನೆಯ ಬಾಣಂತಿ ಕೋಣೆಯಲ್ಲಿ, ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ. ಮಳೆಗಾಲ ಎನ್ನುವುದು ಪಂಚಾಂಗದ ಮಾತು. ಬೇವೂರಿನಲ್ಲಿ ಆ ಸಲ ಮಳೆ ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ನಾನು ಅಲ್ಲಿಗೆ ಹೋಗಿದ್ದೆ.

ಆಗ ನಾನು ಗಂಗಾವತಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಧಾರವಾಡಕ್ಕೆ ಓಡಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ಲೋಹದ ಕಣವನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದುಕೊಳ್ಳುವ ಹೊಸ ಸಂಯುಕ್ತಗಳನ್ನು ತಯಾರಿಸುವುದು ನನ್ನ ವಿಷಯ. ಇಂಥ ಹಿಡಿತಕ್ಕೆ ಪುಸ್ತಕದಲ್ಲಿ ಕೀಲೇಟು ಎನ್ನುತ್ತಾರೆ. ಅದು ಗ್ರೀಕರ ಮಾತಿನಿಂದ ಬಂದದ್ದು, ಏಡಿಯ ಕೊಂಡಿ ಎಂದರ್ಥ. ಕಾಲುವೆ ನೀರಿನ ಗದ್ದೆಯ ಬದುವಿನಲ್ಲಿ ಏಡಿ ಹಿಡಿಯಲು ಹೋಗಿ, ಅದರಿಂದಲೇ ಹಿಡಿಸಿಕೊಂಡು ಅತ್ತು, ಮತ್ತೆ ಮರುದಿನ ಹಿಡಿಯಲು ಹೋಗುತ್ತಿದ್ದ ಕಾರಟಗಿ ಕಡೆಯ ಹುಡುಗಿ ನಾನು. ಆ ಅರ್ಥ ತಿಳಿದ ದಿನವೇ ಈ ವಿಷಯ ನನ್ನದು ಅನ್ನಿಸಿತ್ತು.

ಪ್ರಬಂಧಕ್ಕೆ ಬೇಕಾದ ಸಂಯುಕ್ತಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದಕ್ಕೆ ಮುಂಬಯಿಯಿಂದ ಒಂದು ಬಿಳಿ ಪುಡಿ ತರಿಸಿದ್ದೆ. ನಮ್ಮ ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ಇಡಿಟಿಎ ಎಂಬುದರಿಂದ ನೀರಿನ ಅಂಶವನ್ನು ಕಿತ್ತು ತೆಗೆದರೆ ಸಿಗುವ ಪುಡಿ ಅದು. ನೀರು ಕಳೆದುಕೊಂಡ ಸಿಟ್ಟೋ ಏನೋ, ಗಾಳಿಯಲ್ಲಿ ಹನಿ ತೇವ ಕಂಡರೂ ಎಳೆದುಕೊಂಡುಬಿಡುತ್ತಿತ್ತು. ಎಳೆದುಕೊಂಡಿತೋ, ಮತ್ತೆ ಹಳೆಯ ಇಡಿಟಿಎ, ನನ್ನ ಕೆಲಸಕ್ಕೆ ಬಾರದು. ಕೆಟ್ಟದ್ದು ಕಣ್ಣಿಗೂ ಕಾಣುತ್ತಿರಲಿಲ್ಲ. ಮೊದಲೂ ಬಿಳಿ, ಆಮೇಲೂ ಬಿಳಿ.

ಗಂಗಾವತಿಯಲ್ಲಿ ಆಗ ಕಾಲುವೆಗೆ ನೀರು ಬಿಟ್ಟಿದ್ದರು. ಊರ ಸುತ್ತ ನಾಟಿ ನಡೆದಿತ್ತು, ಮೇಲೆ ತುಂತುರು. ಕಾಲೇಜಿನ ಗೋಡೆಗಳಿಗೆ ಹಸಿ ಏರಿತ್ತು. ತೇವ ಹೀರಲೆಂದು ತಟ್ಟೆಯಲ್ಲಿಟ್ಟ ಕ್ಯಾಲ್ಸಿಯಂ ಕ್ಲೋರೈಡು ಸಂಜೆಯ ಹೊತ್ತಿಗೆ ತಾನೇ ಕರಗಿ ನೀರಾಗಿರುತ್ತಿತ್ತು. ಧಾರವಾಡದ ಜಿಟಿಜಿಟಿಯಂತೂ ಕೇಳಲೇಬೇಡಿ. ತರಿಸಿದ ಬಾಟಲಿಗಳಲ್ಲಿ ಒಂದು ಅಲ್ಲಿ ಕೆಟ್ಟಿತು, ಒಂದು ಇಲ್ಲಿ ಕೆಟ್ಟಿತು. ಕೊನೆಯದೊಂದು ಉಳಿಯಿತು. ಅದೇ ಹೊತ್ತಿಗೆ ನನ್ನ ಗೈಡು ನಿವೃತ್ತರಾಗುವವರಿದ್ದರು. ಒಳ್ಳೆಯ ಮನುಷ್ಯ, ಆದರೆ ಮಾತು ನೇರ.

"ನೋಡ್ರಿ ಶಾರದಾ, ತಿಂಗಳ ಕೊನಿಗೆ ನಾ ಈ ಕುರ್ಚಿ ಬಿಡತೀನಿ. ಅಷ್ಟ್ರಾಗ ಆ ಉಳಿದ ಸಂಯುಕ್ತದ ಹರಳು ತಂದು ತೋರಿಸಿದ್ರ ಸಹಿ ಹಾಕತೀನಿ. ಇಲ್ಲಾಂದ್ರ ನೀವು ಬ್ಯಾರೆ ಗೈಡ್ ಹುಡಕಿ ಮೊದಲಿಂದ ಸುರು ಮಾಡಬೇಕಾಗತೈತಿ."

ಮೊದಲಿನಿಂದ ಶುರು ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಂಥ ದಿನಗಳಲ್ಲಿ ಅಕ್ಕನ ಗಂಡ, ನಾವು ಮಾವ ಎಂದು ಕರೆಯುತ್ತಿದ್ದವರು, ದನಕ್ಕೆ ಹುಲ್ಲು ಕೊಳ್ಳಲು ಗಂಗಾವತಿಗೆ ಬಂದವರು ನನ್ನನ್ನು ನೋಡಲು ಕಾಲೇಜಿಗೆ ಬಂದರು. ತಟ್ಟೆಯಲ್ಲಿ ನೀರಾಗಿದ್ದ ಕ್ಲೋರೈಡನ್ನು ನೋಡಿ ಇದೇನು ಎಂದು ಕೇಳಿದರು. ನಾನು ಅಳು ಮುಖ ಮಾಡಿಕೊಂಡು ಎಲ್ಲ ಹೇಳಿದೆ. ಅವರು ತಲೆಯ ಪಟಕಾ ಸರಿಪಡಿಸಿಕೊಂಡು ನಕ್ಕರು.

"ಒಣಾ ಜಾಗ ಬೇಕಂದ್ರ ಇಲ್ಲಿ ಯಾಕ ಕುಂತೀದಿ? ನಮ್ಮೂರಿಗೆ ಬಾ. ಮಿರಗದ ಮಳಿ ಹುಸಿ ಹೋತು, ಆರಿದ್ರಿ ಮಳಿನೂ ಹಂಗ ಹೊಂಟೈತಿ. ನಮ್ಮಲ್ಲಿ ಉಗುಳಿದ್ರ ನೆಲಕ್ಕ ಬೀಳೂದ್ರಾಗ ಒಣಗತೈತಿ."

ನಗುತ್ತಲೇ ಹೇಳಿದ ಮಾತು. ನಾನು ಮಾತ್ರ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡೆ.

ಪ್ರಾಂಶುಪಾಲರನ್ನು ಕಾಡಿಬೇಡಿ ರಜೆ ಪಡೆದೆ. ಡೆಸಿಕೇಟರ್ ಎಂಬ ಮುಚ್ಚಳದ ದಪ್ಪ ಗಾಜಿನ ಪಾತ್ರೆಯ ತಳಕ್ಕೆ ತೇವ ಹೀರುವ ಸಿಲಿಕಾದ ನೀಲಿ ಹರಳು ಹಾಕಿ, ಅದರೊಳಗೆ ಬಾಟಲಿ ಇಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಉಳಿದ ಗಾಜಿನ ಸಾಮಾನು ಹಳೆಯ ಸೀರೆಗಳಲ್ಲಿ ಸುತ್ತಿ ಟ್ರಂಕಿನಲ್ಲಿತ್ತು. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಬಗ್ಗಿ ನೋಡಿ, "ಉಪ್ಪಿನಕಾಯಿ ಏನ್ರಿ ಅಕ್ಕಾರ?" ಎಂದ. ಹೌದು ಎಂದೆ. "ತೌರಮನಿದಾ?" ಎಂದ. ಅದಕ್ಕೂ ಹೌದು ಎಂದೆ. ದಾರಿಯುದ್ದಕ್ಕೂ ಹಸಿರು ಕಡಿಮೆಯಾಗುತ್ತ ಹೋಗಿ, ಕರಿ ಹೊಲಗಳು ಬರೀ ಮೈಯಲ್ಲಿ ಬಿದ್ದಿದ್ದವು. ಕಿಟಕಿಯಿಂದ ಬರುವ ಗಾಳಿಗೆ ತುಟಿ ಒಡೆಯಿತು. ಅದರಿಂದ ನನಗೆ ಸಂತೋಷವಾಯಿತು. ಹೊಲಗಳನ್ನು ನೋಡಿ ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಅಕ್ಕನ ಹೆಸರು ಗಿರಿಜಾ. ನಮ್ಮವ್ವ ಗದ್ದೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ನನ್ನನ್ನು ಎತ್ತಿಕೊಳ್ಳಲೆಂದೇ ಅವಳ ಶಾಲೆ ನಿಂತಿತು. ತನ್ನದು ನಿಂತದ್ದಕ್ಕೆ ಒಂದು ದಿನವೂ ಗೊಣಗದೆ, ನನ್ನದು ನಿಲ್ಲಬಾರದೆಂದು ಅಪ್ಪನ ಜೊತೆ ಜಗಳ ತೆಗೆದವಳೂ ಅವಳೇ. ಕಾಲುವೆ ಊರಿನಿಂದ ಬೇವೂರಿನ ಒಣಭೂಮಿಗೆ ಮದುವೆಯಾಗಿ ಬಂದು ಬಹಳ ವರ್ಷಗಳಾಗಿದ್ದವು. ಮಕ್ಕಳಾಗಿರಲಿಲ್ಲ.

ಆ ಮನೆಯಲ್ಲಿ ನನಗೆ ಬಿಟ್ಟುಕೊಟ್ಟದ್ದು ಬಾಣಂತಿ ಕೋಣೆ. ದಪ್ಪ ಮಣ್ಣಿನ ಗೋಡೆ, ಮೇಲೊಂದು ಅಂಗೈಯಗಲದ ಗವಾಕ್ಷಿ, ಗಾಳಿಯ ಸುಳಿವಿಲ್ಲ. ಅಕ್ಕನ ನಾದಿನಿಯರೆಲ್ಲ ತವರಿಗೆ ಬಂದು ಹೆತ್ತದ್ದು ಅಲ್ಲಿಯೇ. ಅವರಿಗೆಲ್ಲ ಎಣ್ಣೆ ನೀರು ಹಾಕಿ, ಹೊಗೆ ಹಾಕಿ, ಕೂಸು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದವಳು ಅಕ್ಕ. "ಊರಾಗ ಇದರಷ್ಟು ಒಣಾ ಕೋಣಿ ಇನ್ನೊಂದಿಲ್ಲ, ತಂಗಿ," ಎಂದು ಅವಳು ಒಳಗಿದ್ದ ಜೋಳದ ಚೀಲಗಳನ್ನು ಹೊರಗೆ ಎಳೆದಳು.

ಬಾಟಲಿಯಲ್ಲಿರುವುದು ಏನೆಂದು ಕೇಳಿದಾಗ ಏಡಿಯ ಕಥೆ ಹೇಳಿದೆ. ಅಕ್ಕನಿಗೆ ತಕ್ಷಣ ತಿಳಿಯಿತು. ಗದ್ದೆಯ ಏಡಿ ಅವಳ ಬೆರಳನ್ನೂ ಬಿಟ್ಟಿರಲಿಲ್ಲ. "ಏಡಿಗೆ ನೀರ ಬೇಕು. ಇದೆಂಥಾ ಏಡಿ ನಿಂದು, ನೀರ ಕಂಡ್ರ ಸಾಯತೈತಿ!" ಎಂದು ನಕ್ಕಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಏಡಿ ಪುಡಿ ಎಂದೇ ಹೆಸರಾಯಿತು.

ಅಕ್ಕನ ಅತ್ತೆ ಬಸವ್ವನಿಗೆ ಇದನ್ನು ತಿಳಿಸುವುದು ಹೇಗೆ? ವಯಸ್ಸಾದವಳು, ಬಿರುಸು ಮಾತಿನವಳು, ಮನೆಯ ಮೂಲೆಮೂಲೆಯೂ ಅವಳ ಕೈಯಲ್ಲಿತ್ತು. ನಾನು ಜಾಣತನ ಮಾಡಲು ಹೋಗಿ, "ಅತ್ತಿ, ಇದು ಭಾಳ ಮಡಿ ಪುಡಿ. ಯಾರೂ ಮುಟ್ಟಬಾರದು, ಮೈಲಿಗಿ ಆಗತೈತಿ," ಎಂದುಬಿಟ್ಟೆ. ಆಕೆ ಗಂಭೀರವಾಗಿ ತಲೆಯಾಡಿಸಿದಳು. ಮುಟ್ಟಬಾರದು ಎಂದರೆ ದೂರ ಇರುತ್ತಾಳೆ ಎಂದು ನಾನು ಅಂಗಳದಲ್ಲಿ ಅಕ್ಕನ ಪಕ್ಕ ನೆಮ್ಮದಿಯಾಗಿ ಮಲಗಿದೆ.

ಮುಂಜಾನೆ ಕೋಣೆಯ ಬಾಗಿಲು ತೆರೆದರೆ ಸೆಗಣಿಯ ಘಮ. ಬಸವ್ವ ಕೋಳಿ ಕೂಗುವ ಮೊದಲೇ ಎದ್ದು, ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಕೋಣೆಯ ನೆಲವನ್ನೆಲ್ಲ ಸಾರಿಸಿ, ಅಂಚಿಗೆ ಸುಣ್ಣದ ಎಳೆ ಬೇರೆ ಎಳೆದಿದ್ದಳು. ಮಡಿ ಕೆಲಸ ನಡೆಯುವ ಜಾಗ, ಸಾರಿಸದೆ ಬಿಡಲಾದೀತೆ? ಸೀರೆಯ ಸೆರಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೂಲೆಯಲ್ಲಿ ತೇವ ತಿಳಿಯಲೆಂದು ತೆರೆದ ತಟ್ಟೆಯಲ್ಲಿಟ್ಟಿದ್ದ ನೀಲಿ ಹರಳುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಓಡಿಹೋಗಿ ಡೆಸಿಕೇಟರ್ ನೋಡಿದೆ. ಪುಣ್ಯಕ್ಕೆ ಪುಡಿಯ ಬಾಟಲಿ ಸೀಲು ಒಡೆಯದೆ ಡೆಸಿಕೇಟರಿನೊಳಗೆ ಭದ್ರವಾಗಿತ್ತು.

"ಚಂದ ಆಗೇತಿಲ್ಲವ್ವ?" ಎಂದಳು ಬಸವ್ವ.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. ಆಮೇಲೆ ಅವಳೇ ಅತ್ತೆಯನ್ನು ಕೂರಿಸಿಕೊಂಡು ವಿವರಿಸಿದಳು. "ಅತ್ತಿ, ನಮ್ಮ ಮಡಿ ತೊಯ್ಸಿಕೊಂಡ ಮಡಿ. ಇದರದು ಒಣಗಿದ ಮಡಿ. ಒದ್ದಿ ಸೀರಿ, ಒದ್ದಿ ಕೈ ಇದಕ್ಕ ಮೈಲಿಗಿ." ಬಸವ್ವ ಸೆರಗು ಹಿಂಡಿಕೊಂಡಳು. "ಹಂಗಂತ ಮೊದಲ ಹೇಳಬೇಕಿಲ್ಲ? ತಿರುಗಾಮುರುಗಾ ದೇವರು," ಎಂದು ನನ್ನನ್ನೇ ಬೈದು, ರೊಟ್ಟಿ ಹಂಚಿನ ಮೇಲೆ ಆ ಗುಲಾಬಿ ಹರಳುಗಳನ್ನು ತಾನೇ ಹುರಿಯಲು ಕುಳಿತಳು. ಬಿಸಿ ಏರಿದಂತೆ ಅವು ಮತ್ತೆ ನೀಲಿಯಾಗುವುದನ್ನು ನೋಡಿ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು.

ನೆಲ ಪೂರ್ತಿ ಒಣಗಲು ಕಾಯಬೇಕಾಯಿತು. ಆ ಕಾಯುವ ದಿನಗಳಲ್ಲಿ ನನಗೆ ಹಿಂಸೆಯಾದದ್ದು ಬೆಳಗಿನ ಹೊತ್ತು. ಮಾವ ಎದ್ದವರೇ ಅಂಗಳಕ್ಕೆ ಬಂದು ಪಡುವಣ ದಿಕ್ಕು ನೋಡುತ್ತಿದ್ದರು, ಮೋಡ ಇದೆಯೇ ಎಂದು. ಹೆಸರುಕಾಳಿನ ಬೀಜ ಮನೆಯಲ್ಲಿ ಕಟ್ಟಿಟ್ಟಿತ್ತು, ಬಿತ್ತುವ ಕೂರಿಗೆ ಗೋಡೆಗೆ ಒರಗಿತ್ತು. ಅದೇ ಅಂಗಳದಲ್ಲಿ ನಾನೂ ನಿಂತು ಪಡುವಣ ನೋಡುತ್ತಿದ್ದೆ, ಮೋಡ ಇಲ್ಲ ತಾನೇ ಎಂದು. ಒಂದು ದಿನ ಇಬ್ಬರ ಕಣ್ಣೂ ಕೂಡಿದವು. ನಾನು ತಲೆ ತಗ್ಗಿಸಿದೆ. "ಅಂಜಬ್ಯಾಡ. ನಿಂದು ಮುಗಿಯೂ ಮಟ ಬರಾಂಗಿಲ್ಲ ತಗೋ ಅದು," ಎಂದರು ಮಾವ. ಹಾಸ್ಯವೇ, ಆದರೆ ಆ ಮನುಷ್ಯನ ಮನಸ್ಸು ದೊಡ್ಡದು. ನಾನಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಕೆಲಸಕ್ಕೆ ಕೈಹಾಕಿದ ದಿನ ಗಾಳಿ ಚೆನ್ನಾಗಿ ಒಣಗಿತ್ತು. ಸೀಮೆಎಣ್ಣೆ ಸ್ಟೋವಿನ ಮೇಲೆ ಸಣ್ಣ ಬಾಣಲೆ, ಅದರಲ್ಲಿ ಶೇಂಗಾ ಎಣ್ಣೆ, ಎಣ್ಣೆಯಲ್ಲಿ ಅರ್ಧ ಮುಳುಗಿದ ಫ್ಲಾಸ್ಕು. ಫ್ಲಾಸ್ಕಿನಲ್ಲಿ ಜೊತೆಗೂಡಬೇಕಾದ ಇನ್ನೊಂದು ರಾಸಾಯನಿಕವಿತ್ತು. ಏಡಿ ಪುಡಿಯನ್ನು ಒಮ್ಮೆಗೇ ಸುರಿಯುವಂತಿರಲಿಲ್ಲ. ಚೂರುಚೂರೇ ಹಾಕಿ, ಕಲಕಿ, ಅದು ಬೆರೆಯುವವರೆಗೆ ಬಾಟಲಿಯ ಬಾಯಿ ಮುಚ್ಚಿಟ್ಟು, ಮತ್ತೆ ತೆರೆದು ಹಾಕಬೇಕು. ಬಾಟಲಿ ತೆರೆದಿರುವ ಆ ಹೊತ್ತೇ ಅಪಾಯದ ಹೊತ್ತು. ಒಮ್ಮೆ ಪುಡಿಯೆಲ್ಲ ಕೂಡಿಕೊಂಡು ದ್ರಾವಣ ತಿಳಿಯಾಯಿತೆಂದರೆ ಆಮೇಲೆ ನೀರಿನ ಭಯವಿಲ್ಲ. ಇದನ್ನೆಲ್ಲ ಮನೆಯವರಿಗೆ ಹೇಳಿದ್ದೆ. ಅಕ್ಕ ಬಾಗಿಲ ಹೊರಗೆ ಪಡಸಾಲೆಯಲ್ಲಿ ಕಾವಲು ಕುಳಿತಳು.

ಸೀಲು ಒಡೆದು ಅರ್ಧ ಪುಡಿ ಹಾಕಿದ್ದೆನೋ ಇಲ್ಲವೋ, ಓಣಿಯಲ್ಲಿ ಹಲಗೆ ವಾದ್ಯದ ಸದ್ದು ಕೇಳಿತು.

ಗುರ್ಜಿ ಬಂದಿತ್ತು. ಮಳೆ ತಡವಾದರೆ ನಮ್ಮ ಕಡೆ ಗುರ್ಜಿ ಆಡುತ್ತಾರೆ. ರೊಟ್ಟಿ ಹಂಚಿನ ಮೇಲೆ ಮಣ್ಣಿನ ಗೊಂಬೆ ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬ ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾನೆ. ಪ್ರತಿ ಮನೆಯವರೂ ಹೊಸ್ತಿಲಲ್ಲಿ ನಿಂತು ಅದರ ಮೇಲೆ ಕೊಡ ನೀರು ಸುರಿಯಬೇಕು. ಹೊತ್ತವನು ಗಿರಗಿರ ತಿರುಗುತ್ತಾನೆ, ನೀರು ಸುತ್ತಲೂ ಚಿಮ್ಮುತ್ತದೆ. ಎಷ್ಟು ದೂರ ಚಿಮ್ಮಿದರೆ ಅಷ್ಟು ಒಳ್ಳೆಯ ಮಳೆ ಎಂದು ನಂಬಿಕೆ. ಅಕ್ಕನ ಮನೆಯ ಹೊಸ್ತಿಲು ದಾಟಿದರೆ ಪಡಸಾಲೆ, ಪಡಸಾಲೆಗೆ ತಾಗಿಯೇ ಬಾಣಂತಿ ಕೋಣೆ. ಬಸವ್ವ ಬೆಳಗಿನಿಂದಲೇ ತಾಮ್ರದ ಕೊಡ ತುಂಬಿಸಿ ಇಟ್ಟಿದ್ದಳು. ಆ ದಿನ ಗುರ್ಜಿ ಹೊತ್ತವನು ಯಮನೂರಪ್ಪ ಎಂಬ ಗಟ್ಟಿ ಆಳು. ಅವನು ತಿರುಗಿದರೆ ನೀರು ಅಡುಗೆಮನೆಯವರೆಗೂ ಬರುತ್ತದೆ ಎಂದು ಊರಲ್ಲಿ ಹೆಸರು.

ನಾನು ಬಾಟಲಿಯ ಬಾಯಿ ಮುಚ್ಚಿ ಎದೆಗೆ ಒತ್ತಿಕೊಂಡೆ. ಬೇಡ ಎಂದು ಹೇಳಲು ನನಗೆ ಹಕ್ಕಿರಲಿಲ್ಲ. ಆ ಮನೆಯ ಅನ್ನ ಆ ಮಳೆಯದು.

ಬಾಗಿಲ ಸಂದಿಯಿಂದ ಅಕ್ಕ ಕಂಡಳು. ಕೊಡ ಎತ್ತಿಕೊಂಡು ಹೊಸ್ತಿಲಿಗೆ ಹೋದಳು, ಆದರೆ ಸುರಿಯಲಿಲ್ಲ.

"ಯಮನೂರಪ್ಪ, ಅಲ್ಲೇ ನಿಲ್ಲಪ. ಇವತ್ತ ನಮ್ಮ ಬಾಗಲ್ದಾಗ ನೀರ ಬ್ಯಾಡ."

ಹಲಗೆ ನಿಂತಿತು. ಎದುರು ಮನೆಯ ಪಾರವ್ವನ ದನಿ ಎದ್ದಿತು. "ಏನಂದಿ ಗಿರಿಜಾ? ಗುರ್ಜಿಗಿ ನೀರ ಬ್ಯಾಡಂದ್ರ ಮಳಿ ಬ್ಯಾಡ ಅಂದಂಗ. ಊರ ಮಂದಿ ಬಾಯಾಗ ಮಣ್ಣ ಹಾಕತೀಯೇನ?"

"ಬ್ಯಾಡ ಅಂದಿಲ್ಲ ಪಾರಕ್ಕ. ನಾಳಿ ಬರ್ಲಿ ಅಂದೀನಿ. ನಮ್ಮ ತಂಗೀದು ಒಳಗ ಇನ್ನ ಆಗಿಲ್ಲ. ಇದೊಂದ ದಿವಸ ತಡೀಲಿ ಮಳಿ."

ಗುರ್ಜಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಮಳೆ ಬಾರದೇ ಹೋದರೆ ಯಾರ ಮೇಲೆ ಮಾತು ಬರುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಈಗ ಬಸವ್ವ ಅಬ್ಬರಿಸುತ್ತಾಳೆ, ಸೊಸೆಯ ಕೈಯಿಂದ ಕೊಡ ಕಸಿದು ತಾನೇ ಸುರಿಯುತ್ತಾಳೆ ಎಂದು ನಾನು ಕಾದೆ. ಕಟ್ಟೆಯ ಮೇಲಿಂದ ಅವಳು ಏಳುವ ಸದ್ದಾಯಿತು.

"ಏನ ಬಾಯಿ ತಕ್ಕೊಂಡು ನಿಂತೀರಿ? ನಮ್ಮ ಮನ್ಯಾಗ ಬಾಣಂತಿ ಅದಾಳ ಅಂತ ತಿಳಕೋರಿ. ಬಾಣಂತಿ ಕೋಣಿ ಮುಂದ ನೀರ ಚೆಲ್ಲತೀರೇನ ನೀವು? ಮುಂದ ನಡೀರಿ. ನಮ್ಮ ಪಾಲಿನ ನೀರ ನಾಳಿ ನಾವ ಹಾಕತೀವಿ."

ಹಲಗೆಯ ಸದ್ದು ಮುಂದಿನ ಮನೆಗೆ ಹೋಯಿತು. ಅಕ್ಕ ಕೊಡ ಇಳಿಸಿ ಬಂದು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಸೆರಗಿನಿಂದ ಮುಖ ಒತ್ತಿಕೊಂಡಳು, ಬಹಳ ಹೊತ್ತು ತೆಗೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಬಸವ್ವ ಆ ಸೊಸೆಯ ಎದುರಿಗೆ ಬಾಣಂತಿ ಎಂಬ ಮಾತನ್ನೇ ಎತ್ತಿದವಳಲ್ಲ, ನೋಯುತ್ತಾಳೆ ಎಂದು. ಅಂದು ಅದನ್ನೇ ಗುರಾಣಿ ಮಾಡಿ ಅವಳ ಮುಂದೆ ಹಿಡಿದಳು. ನಾನು ಬಾಟಲಿಯನ್ನು ಮತ್ತೆ ತೆರೆದೆ.

ಉಳಿದ ಪುಡಿಯನ್ನು ಹಾಕಿ ಮುಗಿಸಿದೆ. ಮಧ್ಯಾಹ್ನವೆಲ್ಲ ಅದು ಫ್ಲಾಸ್ಕಿನ ತಳದಲ್ಲಿ ಮಜ್ಜಿಗೆಯ ಗಸಿಯಂತೆ ಬಿಳಿಯಾಗಿ ಕುಳಿತಿತ್ತು. ಎಣ್ಣೆಯ ಬಿಸಿ ಏರದಂತೆ, ಇಳಿಯದಂತೆ ನೋಡುತ್ತ ನಾನೂ ಕುಳಿತೆ. ಗವಾಕ್ಷಿಯ ಬೆಳಕು ಕೆಂಪಾಗುವ ಹೊತ್ತಿಗೆ ಗಸಿ ತೆಳ್ಳಗಾಯಿತು. ಆಮೇಲೆ ನೋಡನೋಡುತ್ತಲೇ ಇಲ್ಲವಾಯಿತು. ಫ್ಲಾಸ್ಕಿನೊಳಗೆ ತಿಳಿನೀರಿನಂಥ ದ್ರಾವಣ. ನಾನು ಅಕ್ಕನನ್ನು ಒಳಗೆ ಕರೆದೆ. ಅವಳು ಕೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

"ಹಿಡಕೊಂತೇನ ಏಡಿ?"

"ಹಿಡಕೊಂತು ಅಕ್ಕ."

ಮರುದಿನ ತಣಿದ ದ್ರಾವಣದಲ್ಲಿ ಹರಳು ಕಟ್ಟಿತ್ತು. ಸೋಸಿ, ಒಣಗಿಸಿ, ಚಿಟಿಕೆಯಷ್ಟನ್ನು ಗಾಜಿನ ಸಣ್ಣ ನಳಿಗೆಯಲ್ಲಿ ತುಂಬಿ ಅದೇ ಎಣ್ಣೆಯಲ್ಲಿ ಕಾಯಿಸಿ, ಅದು ಕರಗುವ ಬಿಸಿಯನ್ನು ಅಳೆದೆ. ಕೆಟ್ಟುಹೋದ ಎರಡೂ ಸಲಕ್ಕಿಂತ ಬೇರೆಯೇ ಬಿಸಿಯಲ್ಲಿ, ಒಂದೇ ಬಾರಿಗೆ ಚೊಕ್ಕಟವಾಗಿ ಕರಗಿತು, ಶುದ್ಧ ಹರಳೆಂಬುದಕ್ಕೆ ಅದೇ ಗುರುತು. ಆ ಹರಳನ್ನೇ ತಿಂಗಳು ಮುಗಿಯುವುದರೊಳಗೆ ಧಾರವಾಡಕ್ಕೆ ಒಯ್ದೆ, ಗೈಡು ಸಹಿ ಹಾಕಿದರು, ನನ್ನ ಹೆಸರಿನ ಮುಂದೆ ಡಾಕ್ಟರ್ ಬಂತು.

ಮಳೆಯ ಮಾತನ್ನೂ ಹೇಳಬೇಕು. ಅದು ಆ ವಾರ ಬರಲಿಲ್ಲ. ಮುಂದಿನ ನಕ್ಷತ್ರ ಪುನರ್ವಸುವಿನಲ್ಲಿ ಬಂತು. ಹೆಸರುಕಾಳು ಬಿತ್ತುವ ಹದ ಮೀರಿತ್ತು, ಮಾವ ಅದೇ ಹೊಲಕ್ಕೆ ಸಜ್ಜೆ ಬಿತ್ತಿದರು. ನೀರಿನ ಕಟ್ಟೆಯಲ್ಲಿ ಪಾರವ್ವ, "ನೀ ನಾಳಿ ಬಾ ಅಂದಿ, ಮಳಿ ಹದಿನೈದ ದಿನ ತಡಾ ಮಾಡಿತು," ಎಂದಳಂತೆ. ಅದಕ್ಕೆ ಅಕ್ಕ, "ಮ್ಯಾಲಿನಾಂವ ನನ್ನ ಮಾತ ಕೇಳೂ ಹಂಗಿದ್ರ ಪಾರಕ್ಕ, ನಾ ಬೇಡಿದ್ದೆಲ್ಲಾ ಇಷ್ಟೊತ್ತಿಗೆ ಅಂಗಳದಾಗ ಆಡಿಕೊಂತ ಇರಬೇಕಿತ್ತಲ್ಲ," ಎಂದು ಕೊಡ ಎತ್ತಿಕೊಂಡು ಬಂದಳಂತೆ. ಇದನ್ನು ನನಗೆ ಹೇಳಿದವರು ಮಾವ. ಅಕ್ಕ ಒಂದು ದಿನವೂ ಹೇಳಲಿಲ್ಲ.

ಹರಳು ಬಂದ ಆ ಬೆಳಿಗ್ಗೆಗೆ ಮರಳುತ್ತೇನೆ. ನಾನು ಅದನ್ನು ಡೆಸಿಕೇಟರಿನಲ್ಲಿಟ್ಟು ಕೋಣೆಯಿಂದ ಹೊರಗೆ ಬಂದಾಗ ಬಸವ್ವ ರೊಟ್ಟಿ ಹಂಚು ಹಿಡಿದು ನಿಂತಿದ್ದಳು. ಹಂಚಿನ ಮೇಲೆ ಕರಿ ಮಣ್ಣಿನ ಮುದ್ದೆ, ಅದರ ನೆತ್ತಿಗೆ ಗರಿಕೆ.

"ಊರ ಗುರ್ಜಿ ಮುಂದ ಹೋತು. ನಿನ್ನ ಸಲುವಾಗಿ ನಿಂತ ನೀರು, ನೀನ ಹೊರು."

"ಅತ್ತ್ಯಾರ, ನಾನು ಕಾಲೇಜಿನ್ಯಾಕಿರಿ…"

"ಹೌದವ್ವ, ಅದಕ್ಕ ನಿನ್ನ ತಲಿ ಗಟ್ಟಿ ಇರತೈತಿ," ಎಂದು ಹಂಚನ್ನು ನನ್ನ ತಲೆಯ ಮೇಲಿಟ್ಟೇಬಿಟ್ಟಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಾಚೆ ನಿಂತೆ. ಓಣಿಯ ಹೆಂಗಸರೆಲ್ಲ ಸೇರಿದರು, ಪಾರವ್ವನೂ ಬಂದಳು, ಮಾವ ಕೂರಿಗೆಯ ಪಕ್ಕ ನಿಂತು ಮೀಸೆಯಲ್ಲೇ ನಗುತ್ತಿದ್ದರು. ಅಕ್ಕ ತಾಮ್ರದ ಕೊಡವನ್ನು ಎರಡು ಕೈಯಿಂದ ಎತ್ತಿ ಹಿಡಿದು ನನ್ನೆದುರು ಬಂದಳು. ಚಿಕ್ಕಂದಿನಲ್ಲಿ ನನ್ನ ತಲೆಗೆ ನೀರು ಹಾಕುವಾಗ ಕಣ್ಣಿಗೆ ಬೀಳಬಾರದೆಂದು ಹಣೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದವಳು ಅವಳು. ಅಂದು ಎರಡೂ ಕೈಯಲ್ಲಿ ಕೊಡ ಇದ್ದುದರಿಂದ, "ಕಣ್ಣ ಮುಚ್ಚಿಕೋ," ಎಂದಳು. ಮುಚ್ಚಿಕೊಂಡೆ.

"ಒಣಗಿದ್ದು ಸಾಕವ್ವ," ಎಂದಳು ಅಕ್ಕ. "ತೊಯ್ಯಿ ಇನ್ನ." ಕೊಡ ಪೂರಾ ಸುರಿದಳು, ನಾನು ಗಿರಗಿರ ತಿರುಗಿದೆ.